ಐವತ್ತೈದರ ಮೇಲೆ ಕರಿಕೋಟು: ವಕೀಲಿಕೆಗೆ ಬರುವವರು ಮಾಡಬೇಕಾದ್ದೇನು?

ಬ್ಯಾಂಕು, ಪೊಲೀಸ್, ಕಂದಾಯ ಇಲಾಖೆ, ಶಾಲೆ ಬಿಟ್ಟು ವಕೀಲಿಕೆಗೆ ಬರುವವರು ನಮ್ಮ ಕೋರ್ಟುಗಳಲ್ಲಿ ಅಪರೂಪವೇನಲ್ಲ. ಹೊರಡುವವರನ್ನು ಮೊದಲು ಹೆದರಿಸುವುದು ವಯಸ್ಸು. ನಿಜಕ್ಕೂ ಅದು ಅಡ್ಡಿಯೇ ಅಲ್ಲ. 45 ದಾಟಿದವರನ್ನು ನೋಂದಾಯಿಸಬಾರದು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ರದ್ದು ಮಾಡಿತು. ಮೂರು ವರ್ಷದ ಎಲ್‌ಎಲ್‌.ಬಿ. ಸೇರಲು ಇದ್ದ 30 ವರ್ಷದ ಮಿತಿಗೂ 2017ರಲ್ಲಿ ತಡೆ ಬಿತ್ತು. ಜನ ಎಡವುವುದು ಹಾಜರಾತಿಯಲ್ಲಿ, ಕಾಗದಪತ್ರದಲ್ಲಿ, ಕೋರ್ಟಿಗೆ ಕಾಲಿಟ್ಟ ಮೇಲಿನ ಎರಡು ಮೂರು ವರ್ಷದ ಮನೆಖರ್ಚಿನಲ್ಲಿ.

ಮೊದಲು ಹಳೆಯ ಅಂಕಪಟ್ಟಿ ತೆಗೆಯಿರಿ

ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಇರಬೇಕು. ಆಗಿನ ಕಾಲದ ಬಿ.ಕಾಂ. ಪಾಸ್ ಕ್ಲಾಸಿನವರು ಇಲ್ಲೇ ನಿಂತುಬಿಡುವುದುಂಟು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಎಂಬ ಕ್ರಮವೂ ತಪ್ಪಿರಬಾರದು. ಪಿಯುಸಿ ಮಾಡದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದಿದ್ದರೆ ಪ್ರವೇಶವಿಲ್ಲ. ಪಿಯುಸಿ ಮುಗಿಸಿ ಪದವಿಯನ್ನು ಅಂಚೆ ಶಿಕ್ಷಣದಲ್ಲಿ ಮಾಡಿದ್ದರೆ ತೊಂದರೆಯಿಲ್ಲ.

ಹೆಸರನ್ನೂ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು ಸೇರಿಕೊಂಡಿದ್ದು... ಹೆಣ್ಣುಮಕ್ಕಳಿಗೆ ಈ ತಾಪತ್ರಯ ಹೆಚ್ಚು. ಕಾಲೇಜು ಸೇರುವ ಮೊದಲೇ ಸರಿಪಡಿಸಿಕೊಂಡರೆ ಮೂರು ವರ್ಷದ ನಂತರ ನೋಂದಣಿಗೆ ಓಡಾಡುವಾಗ ಅಲೆದಾಟ ತಪ್ಪುತ್ತದೆ.

‘ಪರೀಕ್ಷೆಗೆ ಬಂದರೆ ಸಾಕು’ ಎನ್ನುವವರ ಸಹವಾಸ ಬೇಡ

ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಕೋರ್ಸು ಆರು ಸೆಮಿಸ್ಟರ್. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ವಾರಕ್ಕೆ 30 ಗಂಟೆ ತರಗತಿ, ಪ್ರತಿ ವಿಷಯಕ್ಕೂ ಶೇ 70 ಹಾಜರಾತಿ. ಪಾಠ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು. ಅಂಚೆಯಲ್ಲಿ ಮಾಡಿದ ಎಲ್‌ಎಲ್‌.ಬಿ. ಇಟ್ಟುಕೊಂಡು ಕೋರ್ಟಿನಲ್ಲಿ ನಿಲ್ಲಲಾಗದು.

ಕೆಲಸದಲ್ಲಿ ಇದ್ದುಕೊಂಡೇ ಓದುವವರು ಜಾಗ್ರತೆ. ವಿದ್ಯಾರ್ಥಿಗಳು ತಮ್ಮ ನೌಕರಿಯ ವಿವರ ಬರೆದುಕೊಟ್ಟು, ಮಾಲೀಕರ ನಿರಾಕ್ಷೇಪಣಾ ಪತ್ರ ಸಲ್ಲಿಸಬೇಕೆಂದು ಪರಿಷತ್ತು 2024ರಲ್ಲಿ ಸುತ್ತೋಲೆ ಹೊರಡಿಸಿದೆ. ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಹಾಜರಿ ಪುಸ್ತಕದಲ್ಲೂ ಸಹಿ, ಅದೇ ಹೊತ್ತಿಗೆ ಕಾಲೇಜಿನಲ್ಲೂ ಹಾಜರಿ ಅಂದರೆ ಪ್ರಶ್ನೆ ಏಳದೆ ಇರದು. ನಿವೃತ್ತಿಗೆ ವರ್ಷವೋ ಎರಡು ವರ್ಷವೋ ಉಳಿದಿದ್ದರೆ ಕಾಯುವುದೇ ಲೇಸು.

ನೋಂದಣಿ ಮತ್ತು ಎಐಬಿಇ

ಪದವಿ ಕೈಗೆ ಬಂದ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. 1961ರ ವಕೀಲರ ಕಾಯ್ದೆಯ 24ನೇ ಕಲಂ ಪ್ರಕಾರ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಮುದ್ರಾಂಕ ಶುಲ್ಕ ಬೇರೆ. ಇದಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ.

ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿಕೆ ಮಾಡುವಂತಿಲ್ಲ. ಹಾಗಾಗಿ ಬಿಡುಗಡೆ ಆದೇಶ ಅರ್ಜಿಯ ಜೊತೆಗೇ ಇರಲಿ. ಪಿಂಚಣಿ ಬಂದರೆ ಅಡ್ಡಿಯಿಲ್ಲ, ಅದು ಸಂಬಳವಲ್ಲ. ಅಂಗಡಿ, ಏಜೆನ್ಸಿ ನಡೆಸುತ್ತಿದ್ದರೆ ಅದನ್ನು ಬಿಟ್ಟುಕೊಡಬೇಕು. ನ್ಯಾಯಿಕ ಅಧಿಕಾರ ಚಲಾಯಿಸಿ ನಿವೃತ್ತರಾದವರಿಗೆ ಇನ್ನೊಂದು ಕಟ್ಟು: ಕೊನೆಯ ಮೂರು ವರ್ಷ ಅಧಿಕಾರ ನಡೆಸಿದ ವ್ಯಾಪ್ತಿಯಲ್ಲಿ ಎರಡು ವರ್ಷ ವಕೀಲಿಕೆ ಮಾಡಬಾರದು. ಅದಕ್ಕಿಂತ ಮೇಲಿನ ಕೋರ್ಟಿನಲ್ಲಿ ಮಾಡಬಹುದು.

ವಕೀಲಿಕೆಗೆ ಬೇಕಾದ ಅಖಿಲ ಭಾರತ ಅರ್ಹತಾ ಪರೀಕ್ಷೆಯಾದ ಎಐಬಿಇಯನ್ನು ನೋಂದಣಿಯಾದ ಎರಡು ವರ್ಷದೊಳಗೆ ಪಾಸು ಮಾಡಬೇಕು. 100 ಪ್ರಶ್ನೆ, ಮೂರೂವರೆ ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40. ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿಯಿಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲಪಠ್ಯ ಮಾತ್ರ ಇರುವ ಪುಸ್ತಕ) ಒಯ್ಯಲು ಬಿಡುತ್ತಾರೆ. ಪುಸ್ತಕ ಇದೆಯಲ್ಲ ಎಂದು ಓದದೆ ಹೋದವರು ಪುಟ ತಿರುವುವುದರಲ್ಲೇ ಹೊತ್ತು ಕಳೆಯುತ್ತಾರೆ.

ಹಳೆಯ ಕಸುಬೇ ಹೊಸ ಬಂಡವಾಳ

ಕೆಲಸ ಕಲಿಯಲು ಸೀನಿಯರ್ ವಕೀಲರ ಆಫೀಸು ಹುಡುಕುವಾಗ ದೊಡ್ಡ ಹೆಸರಿಗಿಂತ ದಿನಾ ಟ್ರಯಲ್ ಕೋರ್ಟಿಗೆ ಹೋಗುವವರನ್ನು ನೋಡಿ. ಮಗನ ವಯಸ್ಸಿನವರ ಕೈಕೆಳಗೆ ಕೆಲಸ ಮಾಡಬೇಕಾಗಬಹುದು. ಮೊದಲ ತಿಂಗಳುಗಳಲ್ಲಿ ಕಲಿಯುವುದು ವಾದವನ್ನಲ್ಲ. ವಕಾಲತ್ತು ಹಾಕುವುದು, ಕೋರ್ಟ್ ಕಚೇರಿ ಎತ್ತಿದ ಆಕ್ಷೇಪಣೆ ಸರಿಪಡಿಸುವುದು, ನಕಲು ಅರ್ಜಿ, ಸಮನ್ಸ್ ಬಟವಾಡೆ, ಡೈರಿಯಲ್ಲಿ ಮುಂದಿನ ದಿನಾಂಕ, ಇವು ಕೈಗೆ ಕೂರಬೇಕು.

ಬ್ಯಾಂಕಿನಿಂದ ಬಂದವರಿಗೆ ಚೆಕ್ ಬೌನ್ಸ್ ಪ್ರಕರಣ ಒಳ್ಳೆಯ ಆರಂಭ. ಚೆಕ್ ಮರಳಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್, ಅದು ಎದುರಾಳಿಗೆ ತಲುಪಿದ ಮೇಲೆ ಹಣ ಕೊಡಲು 15 ದಿನ, ಆ ಗಡುವು ಮುಗಿದು ಒಂದು ತಿಂಗಳೊಳಗೆ ದೂರು. ಮೆಮೋ, ಕ್ಲಿಯರಿಂಗ್ ಎಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ತಪ್ಪುವುದು ನೋಟಿಸ್‌ನಲ್ಲಿ. ಚೆಕ್ಕಿನಲ್ಲಿ ಎರಡು ಲಕ್ಷ ಇದ್ದು, ಬಡ್ಡಿ ಸೇರಿಸಿ ಒಟ್ಟಾರೆ ಎರಡೂವರೆ ಲಕ್ಷ ಕೊಡಿ ಎಂದು ಬರೆದರೆ ನೋಟಿಸೇ ನಿಲ್ಲದು. ಚೆಕ್ಕಿನ ಮೊತ್ತವನ್ನು ಅದೇ ಅಂಕಿಯಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಅಂಚೆಯ ರಸೀದಿ, ಸ್ವೀಕೃತಿ ಕಾರ್ಡು, ಟ್ರ್ಯಾಕಿಂಗ್ ಪ್ರತಿ ಮೂರನ್ನೂ ಅಂದೇ ಫೈಲಿಗೆ ಸೇರಿಸಿ.

ಕಂದಾಯದವರಿಗೆ ಪಹಣಿ, ಮ್ಯುಟೇಶನ್ ತಕರಾರು ಗೊತ್ತಿರುವ ಹಾದಿ: ಭೂಕಂದಾಯ ಕಾಯ್ದೆಯ 136(2) ಅಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ, 136(3) ಅಡಿ ಜಿಲ್ಲಾಧಿಕಾರಿಗೆ ರಿವಿಜನ್ (ಮರುಪರಿಶೀಲನೆ) ಅರ್ಜಿ. ಪೊಲೀಸರು ಮಾತ್ರ ತಮಗೆಲ್ಲ ಗೊತ್ತು ಅಂದುಕೊಂಡರೆ ಕೆಟ್ಟರು. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸವು ಬಂದಿವೆ. ಪ್ರಕರಣ ರದ್ದತಿಗೆ ಹಿಂದೆ ಸಿಆರ್‌ಪಿಸಿಯ 482ನೇ ಕಲಂ ಅನ್ನುತ್ತಿದ್ದರು. ಈಗ ಅದು 528. ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಸಂಹಿತೆಯ 482 ನಿರೀಕ್ಷಣಾ ಜಾಮೀನು! ಬಾಯಿಪಾಠವಾದ ಸಂಖ್ಯೆಯೇ ಇಲ್ಲಿ ಶತ್ರು.

ದುಡ್ಡಿನ ಲೆಕ್ಕ

ಕಿರಿಯ ವಕೀಲರಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಕೊಡದ ಆಫೀಸುಗಳೂ ಇವೆ. ಕಾಲೇಜಿನ ಮೂರು ವರ್ಷ, ಆಮೇಲಿನ ಎರಡು ವರ್ಷ, ಒಟ್ಟು ಐದು ವರ್ಷದ ಸಂಸಾರಕ್ಕೆ ವಕೀಲಿಕೆಯಿಂದ ಬಿಡಿಕಾಸೂ ಬಾರದು ಎಂದೇ ಲೆಕ್ಕ ಹಾಕಿ. ಗ್ರಾಚ್ಯುಟಿ ಹಣದಲ್ಲಿ ಮೊದಲ ದಿನವೇ ಚೇಂಬರ್ ಬಾಡಿಗೆಗೆ ಹಿಡಿದು ಪುಸ್ತಕದ ಬೀರು ತುಂಬಿಸುವವರಿದ್ದಾರೆ. ಕೋಟು, ಕೊರಳಿನ ಬಿಳಿ ಬ್ಯಾಂಡು, ನಾಲ್ಕಾರು ಬೇರ್ ಆಕ್ಟ್, ಇ-ಕೋರ್ಟ್ಸ್ ಆ್ಯಪ್ ಇರುವ ಮೊಬೈಲ್ ಸದ್ಯಕ್ಕೆ ಸಾಕು. ಗೌನು ಹೈಕೋರ್ಟಿಗೆ ಹೋಗುವಾಗ ಕೊಂಡರಾಯಿತು.

ಬೋರ್ಡು ಬರೆಸುವಾಗಲೂ ಕೈ ಬಿಗಿಯಿರಲಿ. ಹೆಸರು, ವಿದ್ಯಾರ್ಹತೆ, ವಕೀಲರು, ವಿಳಾಸ, ಇಷ್ಟೇ. ‘ಸಾಲ ವಸೂಲಿ ತಜ್ಞರು’ ಎಂದು ಬರೆಸಿದರೆ ವಕೀಲರ ಪ್ರಚಾರಕ್ಕೆ ನಿರ್ಬಂಧ ಹೇರುವ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಉಲ್ಲಂಘನೆಯಾಗುತ್ತದೆ. ಹಳೆಯ ಸಂಸ್ಥೆಯ ಹೆಸರನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದರೂ ಅಷ್ಟೆ.