ಸೆಕೆ ಏರಿದರೆ ಆವಿಯೂ ಏರುತ್ತಾ? ನೀವೇ ಲೆಕ್ಕ ಹಾಕಿ ನೋಡಿ

ಸೆಕೆ ಜಾಸ್ತಿಯಾಗಿದೆ, ಅದಕ್ಕೇ ಹೊಲ ಬೇಗ ಒಣಗುತ್ತಿದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಚಟ್ಟೋಪಾಧ್ಯಾಯ ಮತ್ತು ಹ್ಯೂಮ್ ಎಂಬ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳಿತು. ಭಾರತದಲ್ಲಿ ತಾಪಮಾನ ಏರುತ್ತಿದ್ದರೂ ಹವಾಮಾನ ಕೇಂದ್ರಗಳಲ್ಲಿ ಆವಿ ಅಳೆಯಲು ಇಡುವ ನೀರಿನ ತೊಟ್ಟಿಗಳಿಂದ ಆವಿಯಾಗುವ ನೀರು ಇಳಿಯುತ್ತಾ ಬಂದಿತ್ತು. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದು ಅವರಿಗೆ ಕಂಡ ಮುಖ್ಯ ನಂಟು. ನಿಮ್ಮೂರಿನ ಕಥೆ ಏನು?

ಹೆಜ್ಜೆ 1: ಯಾವುದನ್ನು ಅಳೆಯುತ್ತೀರಿ?
ಮಣ್ಣಿನಿಂದ ಆರುವ ನೀರು, ಎಲೆಗಳಿಂದ ಹೋಗುವ ನೀರು ಎರಡೂ ಸೇರಿದರೆ ‘ಇಟಿ’ (ಇವ್ಯಾಪೊಟ್ರಾನ್ಸ್‌ಪಿರೇಶನ್). ಇದರಲ್ಲಿ ಎರಡು ಬಗೆ. ನೀರು ಬೇಕಾದಷ್ಟಿದ್ದರೆ ಗಾಳಿ ಎಷ್ಟು ಎಳೆದುಕೊಳ್ಳಬಲ್ಲದು ಎನ್ನುವುದು ಒಂದು. ನಿಜಕ್ಕೂ ಎಷ್ಟು ಹೋಯಿತು ಎನ್ನುವುದು ಇನ್ನೊಂದು. ಬರಗಾಲದಲ್ಲಿ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ಹೋಗೋಕೆ ಮಣ್ಣಲ್ಲಿ ನೀರೇ ಇರಲ್ಲ, ಅಲ್ವಾ? ನಾವು ಇಲ್ಲಿ ಲೆಕ್ಕ ಹಾಕುವುದು ಮೊದಲನೆಯದನ್ನು. ದಿನಕ್ಕೆ 5 ಮಿಲಿಮೀಟರ್ ಅಂದರೆ ಎಕರೆಗೆ ಸುಮಾರು 20,000 ಲೀಟರ್.

ಹೆಜ್ಜೆ 2: ಕನಿಷ್ಠ 30 ವರ್ಷದ ಅಂಕಿ
ಗರಿಷ್ಠ-ಕನಿಷ್ಠ ತಾಪಮಾನ, ತೇವಾಂಶ, ಗಾಳಿಯ ವೇಗ, ಬಿಸಿಲು ಬೇಕು. ಹತ್ತಿರದ ಕೇಂದ್ರದಲ್ಲಿ ಸಿಗದಿದ್ದರೆ ನಾಸಾದ ‘ಪವರ್’ ತಾಣದಲ್ಲಿ 1980ರ ದಶಕದಿಂದೀಚಿನದು ಪುಕ್ಕಟೆ ಸಿಗುತ್ತದೆ. ಗಾಳಿಯ ಅಂಕಿಯನ್ನು ಮಾತ್ರ ಸುಮ್ನೆ ನಂಬಬೇಡಿ. ಕೇಂದ್ರದ ಸುತ್ತ ಮರ ಬೆಳೆದರೆ, ಕಟ್ಟಡ ಎದ್ದರೆ, ಗಾಳಿ ಅಳೆಯುವ ಯಂತ್ರದ ತಿರುಗುವ ಬಟ್ಟಲುಗಳ ಬೇರಿಂಗ್ ಸವೆದರೆ ಗಾಳಿ ಕಡಿಮೆಯಾದಂತೆ ತೋರುತ್ತದೆ. 10 ಮೀಟರ್ ಎತ್ತರದಲ್ಲಿ ಅಳೆದಿದ್ದರೆ 0.75ರಿಂದ ಗುಣಿಸಿ, ಸೂತ್ರಕ್ಕೆ ಬೇಕಿರುವುದು 2 ಮೀಟರ್ ಎತ್ತರದ ಗಾಳಿ.

ಹೆಜ್ಜೆ 3: ಸೂತ್ರ
ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಶಿಫಾರಸು ಮಾಡಿದ ಪೆನ್‌ಮನ್-ಮಾಂಟೀತ್ ಸೂತ್ರ ಬಳಸಿ. ಮೇಲಿನ ಎಲ್ಲ ಅಂಕಿಗಳನ್ನೂ ಸೇರಿಸಿ ದಿನದ ಇಟಿ ಕೊಡುವುದು ಇದು. ಬರೀ ತಾಪಮಾನದಿಂದ ಲೆಕ್ಕ ಹಾಕುವ ಹಾರ್ಗ್ರೀವ್ಸ್ ಸೂತ್ರ ಸುಲಭ, ನಿಜ. ಆದರೆ ಅದಕ್ಕೆ ಗಾಳಿಯೂ ಕಾಣದು, ತೇವಾಂಶವೂ ಕಾಣದು. ಕಾರಣ ಹುಡುಕುವವರಿಗೆ ಅದು ಕೆಲಸಕ್ಕೆ ಬಾರದು.

ಹೆಜ್ಜೆ 4: ಏರಿದೆಯೋ, ಇಳಿದಿದೆಯೋ
ದಿನದ ಅಂಕಿಗಳನ್ನು ಕೂಡಿಸಿ ವರ್ಷದ ಮೊತ್ತ ಮಾಡಿ. ಪ್ರತಿ ವರ್ಷವನ್ನೂ ಅದರ ಮುಂದಿನ ಎಲ್ಲ ವರ್ಷಗಳ ಜೊತೆ ಜೋಡಿಸಿ, ವರ್ಷಕ್ಕೆಷ್ಟು ವ್ಯತ್ಯಾಸ ಎಂದು ಬರೆದುಕೊಳ್ಳಿ. 30 ವರ್ಷಕ್ಕೆ 435 ಜೋಡಿ! ಎಕ್ಸೆಲ್ ಇದ್ದರೆ ಹೆದರಬೇಕಿಲ್ಲ. ಎಲ್ಲವನ್ನೂ ಏರಿಕೆ ಕ್ರಮದಲ್ಲಿ ಇಟ್ಟಾಗ ನಡುವೆ ಬರುವುದೇ ‘ಸೆನ್ ಇಳಿಜಾರು’. ಒಂದೆರಡು ವಿಚಿತ್ರ ವರ್ಷಗಳು ಬಂದರೂ ಇದು ಕದಲುವುದಿಲ್ಲ. ಅದು ಆಕಸ್ಮಿಕವೋ ಅಲ್ಲವೋ ನೋಡಲು ಮಾನ್-ಕೆಂಡಾಲ್ ಪರೀಕ್ಷೆ ಇದೆ.

ಹೆಜ್ಜೆ 5: ಯಾರ ಕೈವಾಡ?
ಇದೇ ಮಜಾ ಇರುವ ಭಾಗ. ತಾಪಮಾನದಲ್ಲಿರುವ ಏರಿಕೆಯನ್ನಷ್ಟೇ ತೆಗೆದುಹಾಕಿ, ಉಳಿದದ್ದನ್ನು ಹಾಗೇ ಬಿಟ್ಟು ಮತ್ತೆ ಲೆಕ್ಕ ಹಾಕಿ. ಮೊದಲಿನ ಉತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಾಪಮಾನದ ಪಾಲು. ಹೀಗೇ ಗಾಳಿ, ತೇವಾಂಶ, ಬಿಸಿಲು ಒಂದೊಂದಾಗಿ. ಗಾಳಿ ನಿಧಾನವಾಗಿದ್ದರೆ, ಹೊಗೆ-ದೂಳಿನಿಂದ ಬಿಸಿಲು ಮಂಕಾಗಿದ್ದರೆ, ಸೆಕೆ ಏರಿಸಿದ್ದನ್ನು ಅವೇ ಇಳಿಸಿರಬಹುದು. ಬೇಸಿಗೆ, ಮಳೆಗಾಲ ಬೇರೆ ಬೇರೆ ಮಾಡಿದರೆ ಇನ್ನೂ ಚೆನ್ನ. ವರ್ಷದ ಮೊತ್ತದಲ್ಲಿ ಒಂದರ ಏರಿಕೆ ಇನ್ನೊಂದರ ಇಳಿಕೆಯಲ್ಲಿ ಮುಚ್ಚಿಹೋಗಬಹುದು.

ನಿಮ್ಮದು ನಾಲೆ ನೀರಿನ ಊರಾದರೆ ಇನ್ನೊಂದು ಕೆಲಸ ಇದೆ. ಗದ್ದೆಗಳು ಬಂದ ಮೇಲೆ ಗಾಳಿ ತೇವವಾಗಿ ಲೆಕ್ಕದ ಇಟಿ ಇಳಿಯಬಹುದು, ನಿಜವಾಗಿ ಹೋಗುವ ನೀರು ಏರಿರುತ್ತದೆ. ನಾಲೆ ಬಂದ ವರ್ಷ ಕೇಳಿ ತಿಳಿದುಕೊಂಡು, ಹಿಂದಿನದನ್ನೂ ಮುಂದಿನದನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ.