ಹನ್ನೊಂದು ವರ್ಷ ಪೆಟ್ಟಿಗೇಲಿ ನೋಡಿದ ಕಲ್ಲು – ನನ್ನ ಅನುಭವ

ನಾನು ಜಿಯಾಲಜಿಸ್ಟ್ ಆಗಿ ಹದಿನೆಂಟು ವರ್ಷ ಆಯ್ತು. ಅದರಲ್ಲಿ ಮೊದಲ ಹನ್ನೊಂದು ವರ್ಷ ಭೂಮಿ ಒಳಗಿನ ಕಲ್ಲನ್ನ ನೋಡಿದ್ದು ಬರೀ ಕೋರ್ ಬಾಕ್ಸಲ್ಲಿ, ಅಂದ್ರೆ ಕೊರೆದು ತೆಗೆದ ಕಲ್ಲನ್ನ ಜೋಡಿಸಿಡೋ ಪೆಟ್ಟಿಗೇಲಿ. ಯಾಕೆ ಅಂತ ಹೇಳ್ತೀನಿ, ಜಿಯಾಲಜಿ ತಗೋಬೇಕು ಅಂತಿರೋ ಹುಡುಗೀರು ಓದ್ಲಿ ಅಂತಾನೇ ಬರೀತಿರೋದು.

ನಮ್ಮೂರು ಚಿತ್ರದುರ್ಗದ ಕಡೆ. ಬಿಎಸ್ಸಿಯಲ್ಲಿ ನಮ್ಮನ್ನ ಮರಡಿಹಳ್ಳಿಗೆ ಕರ್ಕೊಂಡ್ ಹೋಗಿದ್ರು, ಆ ದಿಬ್ಬದ ಮುಂದೆ ಎಷ್ಟೋ ಸಲ ಬಸ್ಸಲ್ಲಿ ಹೋಗಿದ್ದೆ, ಒಂದಿನಾನೂ ತಿರುಗಿ ನೋಡಿರ್ಲಿಲ್ಲ. ಮೇಷ್ಟ್ರು ಬಂಡೆ ಮೇಲೆ ನೀರು ಸುರಿದ್ರು. ದಿಂಬು ದಿಂಬು ಜೋಡಿಸಿಟ್ಟ ಹಾಗೆ ಆಕಾರ ಎದ್ದು ಕಾಣ್ತು. ಲಾವಾ ನೀರಿನ ಅಡಿಯಲ್ಲಿ ಉಕ್ಕಿದಾಗ ಹೊರಗಿನ ಸಿಪ್ಪೆ ತಕ್ಷಣ ಗಟ್ಟಿಯಾಗುತ್ತೆ, ಒಳಗಿಂದು ನಿಧಾನಕ್ಕೆ ಆರುತ್ತೆ, ಮೇಲ್ಭಾಗ ಉಬ್ಬಿರುತ್ತೆ, ಕೆಳಭಾಗ ಕೆಳಗಿರೋ ದಿಂಬುಗಳ ಸಂದಿಗೆ ಬಾಲದ ಥರ ಇಳಿದಿರುತ್ತೆ. ಅದನ್ನ ನೋಡಿ ಪದರದಲ್ಲಿ ಯಾವ್ದು ಮೇಲು ಯಾವ್ದು ಕೆಳಗೆ ಅಂತ ಹೇಳಬಹುದು. ನಮ್ಮ ಬಯಲುಸೀಮೆ ಒಂದು ಕಾಲಕ್ಕೆ ನೀರಿನ ತಳ ಆಗಿತ್ತು ಅಂತ ಕೈಯಾರೆ ಮುಟ್ಟಿ ತಿಳ್ಕೊಂಡ ದಿನ ಅದು. ಮನೇಲಿ ಅಮ್ಮ "ಕಲ್ಲು ಓದಿ ಏನ್ ಮಾಡ್ತೀಯೇ" ಅಂದಾಗ ನನ್ ಹತ್ರ ಉತ್ತರ ಇತ್ತು.

ಎಂಎಸ್ಸಿಯಲ್ಲಿ ಒಂದು ಗಣಿಗೆ ಟೂರ್ ಹೋದ್ವಿ. ಹುಡುಗರಿಗೆ ಹೆಲ್ಮೆಟ್, ಕ್ಯಾಪ್ ಲ್ಯಾಂಪ್ ಕೊಟ್ಟು ಕೇಜ್ (ಗಣಿಗೆ ಇಳಿಸೋ ಲಿಫ್ಟ್) ಹತ್ತಿಸಿದ್ರು. ನಾವು ನಾಲ್ಕು ಜನ ಹುಡುಗೀರು ಆಫೀಸಲ್ಲಿ ಟೀ ಕುಡ್ಕೊಂಡು ಮೂರು ಗಂಟೆ ಕೂತ್ವಿ. ಹೆಂಗಸರಿಗೆ ಕೆಳಗೆ ಬಿಡಲ್ಲ, ರೂಲ್ಸ್ ಅಂದ್ರು. 1952ರ ಮೈನ್ಸ್ ಆ್ಯಕ್ಟ್, 46ನೇ ಸೆಕ್ಷನ್. ಅದು ಹೆಂಗಸರನ್ನ ಭೂಮಿ ಒಳಗೆ ಕೆಲಸಕ್ಕೆ ಇಟ್ಕೋಬಾರದು ಅಂತಿತ್ತು, ನೋಡಕ್ಕೆ ಬಂದ ಸ್ಟೂಡೆಂಟ್ಸ್ ಬಗ್ಗೆ ಅಲ್ಲ, ಇದು ನಾನು ಆಮೇಲೆ ಓದಿ ತಿಳ್ಕೊಂಡಿದ್ದು. ಜಿಯಾಲಜಿಸ್ಟ್ ಸುದೀಪ್ತಾ ಸೇನ್‌ಗುಪ್ತಾ ಅವರು 1983ರಲ್ಲೇ ಅಂಟಾರ್ಕ್ಟಿಕಾಗೆ ಹೋಗಿ ಅಲ್ಲಿನ ಬಂಡೆಗಳ ಮೇಲೆ ಕೆಲಸ ಮಾಡಿದ್ರು. ನಮ್ಮ ದೇಶದ ಹೆಣ್ಣುಮಗಳು ಹಿಮಖಂಡಕ್ಕೆ ಹೋಗಬಹುದಿತ್ತು, ನಮ್ಮ ನೆಲದ ಕೆಳಗಿನ ಕೆಲಸಕ್ಕೆ ಇಳಿಯಂಗಿರ್ಲಿಲ್ಲ! ಕೆಜಿಎಫ್ ಅಂತೂ 2001 ಫೆಬ್ರವರಿ 28ಕ್ಕೆ ಮುಚ್ಚೇ ಹೋಯ್ತು, ಮೂರು ಕಿಲೋಮೀಟರ್‌ಗಿಂತ ಆಳ ಹೋಗಿದ್ದ ಗಣಿ, ಅಲ್ಲಿನ ಕೆಲಸಕ್ಕೆ ಒಬ್ಬ ಹೆಣ್ಣು ಜಿಯಾಲಜಿಸ್ಟ್ ಇಳಿಯೋ ಕಾಲ ಬರೋ ಮೊದಲೇ. ಈ ನೋವು ನನಗೆ ಈಗ್ಲೂ ಇದೆ.

ಕೆಲಸ ಸಿಕ್ಕಿದ್ದು ಚಿನ್ನದ ಎಕ್ಸ್‌ಪ್ಲೊರೇಷನ್‌ನಲ್ಲಿ, ಅಂದ್ರೆ ಚಿನ್ನ ಎಲ್ಲಿದೆ ಅಂತ ಹುಡುಕೋ ಕೆಲಸದಲ್ಲಿ. ಮೊದಲೆರಡು ವರ್ಷ ಮ್ಯಾಪಿಂಗ್, ಟೋಪೋಶೀಟ್ (ನೆಲದ ಏರಿಳಿತದ ನಕ್ಷೆ), ಬ್ರಂಟನ್ (ಕಲ್ಲಿನ ಪದರದ ದಿಕ್ಕು, ಓರೆ ಅಳೆಯೋ ದಿಕ್ಸೂಚಿ), ಸುತ್ತಿಗೆ, ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರೋದರೊಳಗೆ ವಾಪಸ್. ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯದೇ ಇರಬೇಡಿ, ನಾನು ಹಾಗೆ ಮಾಡಿ ಇನ್‌ಫೆಕ್ಷನ್ ಆಗಿ ಹದಿನೈದು ದಿನ ಮಲಗಿದ್ದೆ. ಆಮೇಲೆ ಕೋರ್ ಬಾಕ್ಸ್‌ಗಳನ್ನ ಇಡೋ ಕೋರ್ ಶೆಡ್‌ಗೆ ಹಾಕಿದ್ರು. ಗಂಡಸರು ಕೆಳಗೆ, ನಾನು ಶೆಡ್ಡಲ್ಲಿ.

ಶೆಡ್ಡೇ ನನ್ನ ಶಾಲೆ ಆಯ್ತು ಅಂದ್ರೂ ತಪ್ಪಿಲ್ಲ. ಕೋರ್ ಅಂದ್ರೆ ಡ್ರಿಲ್ಲಿಂಗ್‌ನಲ್ಲಿ ಬರೋ ಕಲ್ಲಿನ ಕೋಲು, ನಮ್ದು 47.6 ಮಿಲಿಮೀಟರ್ ದಪ್ಪ. ಮೊದಲು ಒಡೆದ ತುದಿಗಳನ್ನ ಒಂದಕ್ಕೊಂದು ಕೂಡಿಸಿ ನೋಡ್ಬೇಕು, ಕೂಡದಿದ್ರೆ ಅಲ್ಲಿ ಕಲ್ಲು ಕಳೆದಿದೆ, ಇಲ್ಲಾಂದ್ರೆ ತುಂಡು ಅದಲುಬದಲಾಗಿದೆ ಅಂತ. ಒಂದ್ಸಲ ಹೀಗೆ ಕೂಡಿಸ್ತಾ ಹೋದ್ರೆ ಆಳ ಗುರುತಿಸೋಕೆ ಬಾಕ್ಸಲ್ಲಿ ಇಡೋ ಮರದ ಬ್ಲಾಕ್ ಮೇಲೆ ಬರೆದ ಮೀಟರಿಗೂ ನನ್ನ ಟೇಪಿಗೂ ಒಂದೂವರೆ ಮೀಟರ್ ವ್ಯತ್ಯಾಸ, ಬ್ಲಾಕ್ ಇಟ್ಟಿದ್ದೇ ತಪ್ಪು. ಅದನ್ನ ಬಿಟ್ಟಿದ್ರೆ ಚಿನ್ನ ಇರೋ ಜಾಗ ಮ್ಯಾಪಲ್ಲಿ ಒಂದೂವರೆ ಮೀಟರ್ ಪಕ್ಕಕ್ಕೆ ಹೋಗ್ತಿತ್ತು. ಆಮೇಲೆ ಕೋರನ್ನ ಒದ್ದೆ ಮಾಡಿ ಹ್ಯಾಂಡ್ ಲೆನ್ಸ್ ಇಟ್ಕೊಂಡು ಇಂಚಿಂಚು ಓದೋದು, ಕ್ವಾರ್ಟ್ಸ್ ಎಲ್ಲಿ, ಬಯೋಟೈಟ್ (ಕಪ್ಪು ಅಭ್ರಕ) ಹೆಚ್ಚಿ ಕಲ್ಲು ಎಲ್ಲಿ ಕಪ್ಪಾಗ್ತಾ ಬಂತು, ಸಲ್ಫೈಡ್ (ಗಂಧಕ ಸೇರಿದ ಖನಿಜ) ಎಷ್ಟು. ಚಿನ್ನದ ಜೊತೆ ಎಷ್ಟೋ ಸಲ ಸಿಗೋ ಆರ್ಸೆನೋಪೈರೈಟ್ ಅನ್ನೋ ಸಲ್ಫೈಡ್ ಇರೋ ತುಂಡಿಗೆ ಸುತ್ತಿಗೆ ತಾಗಿಸಿದ್ರೆ ಬೆಳ್ಳುಳ್ಳಿ ವಾಸನೆ ಬರುತ್ತೆ. ಆ ವಾಸನೆ ಬಂದ ಕಡೆ ನಾನು ಪೆನ್ಸಿಲ್ ನಿಲ್ಲಿಸಿ ಇನ್ನೊಂದ್ಸಲ ನೋಡ್ತಿದ್ದೆ. ಕೋರನ್ನ ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ, ಅರ್ಧ ಬಾಕ್ಸಿಗೆ. ಆ ಉಳಿದ ಅರ್ಧಾನ ಯಾವತ್ತೂ ಹಗುರವಾಗಿ ತಗೋಬೇಡಿ.

2019ರ ಜನವರಿಯಲ್ಲಿ ಸರ್ಕಾರ ನೋಟಿಫಿಕೇಷನ್ ತಂತು. ಟೆಕ್ನಿಕಲ್, ಸೂಪರ್‌ವೈಸರಿ, ಮ್ಯಾನೇಜ್‌ಮೆಂಟ್ ಕೆಲಸಕ್ಕೆ ಹೆಂಗಸರು ಬೆಳಿಗ್ಗೆ 6ರಿಂದ ಸಂಜೆ 7ರ ತನಕ ಕೆಳಗೆ ಹೋಗಬಹುದು, ಬರವಣಿಗೆಯಲ್ಲಿ ಒಪ್ಪಿಗೆ ಕೊಡಬೇಕು, ಒಂದು ಶಿಫ್ಟಲ್ಲಿ ಕನಿಷ್ಠ ಮೂರು ಜನ ಇರಬೇಕು. ಮೂರು ಜನ ಆಗಕ್ಕೇ ನಮಗೆ ತಿಂಗಳುಗಟ್ಟಲೆ ಹಿಡೀತು. ನಾನು, ಇಬ್ಬರು ಹೊಸ ಹುಡುಗೀರು. ಕೇಜ್ ಇಳಿಯೋವಾಗ ಕಿವಿ ಕಟ್ತು, ಕೆಳಗೆ ಒದ್ದೆ ಬಿಸಿ ಗಾಳಿ. ಪೈಪಿನ ನೀರಲ್ಲಿ ಫೇಸ್, ಅಂದ್ರೆ ಅಗೀತಿರೋ ಕಲ್ಲಿನ ಗೋಡೆ, ತೊಳೆದ್ರು, ಲ್ಯಾಂಪ್ ಬೆಳಕಿಗೆ ಬಿಳೀ ಕ್ವಾರ್ಟ್ಸ್ ಹೊಳೀತು.

ನಾನು ನಿಂತಲ್ಲೇ ನಿಂತೆ. ಆ ಜಾಗದ ಕೋರನ್ನ ಓದಿ ಲಾಗ್ ಬರೆದಿದ್ದು ನಾನೇ, ಅಲ್ಲಿ ಮೂರು ವೇನ್ (ಕಲ್ಲಿನೊಳಗೆ ಹರಿದ ಕ್ವಾರ್ಟ್ಸ್ ಪಟ್ಟಿ) ಅಂತ ಬರೆದಿದ್ದೆ. ಗೋಡೆ ಮೇಲೆ ಇದ್ದಿದ್ದು ಒಂದೇ ವೇನ್, ಸೀರೆ ನೆರಿಗೆ ಹಿಡಿದ ಹಾಗೆ ಮಡಚ್ಕೊಂಡು ಹೋಗಿತ್ತು, ನನ್ನ ಡ್ರಿಲ್ ಹೋಲ್ ಅದನ್ನೇ ಮೂರು ಸಲ ಚುಚ್ಚಿತ್ತು. 47 ಮಿಲಿಮೀಟರಲ್ಲಿ ಅಷ್ಟು ದೊಡ್ಡ ಮಡಿಕೆ ಹೇಗ್ ಕಾಣ್ಬೇಕು? ಹಾಗಂತ ಸುಳಿವು ಇರ್ಲಿಲ್ಲ ಅಂತಲ್ಲ. ಪಕ್ಕದಲ್ಲಿದ್ದ ಹುಡುಗಿ "ಮೇಡಂ, ಡಿಪ್ ತಗೊಳ್ಲಾ" ಅಂತ, ಅಂದ್ರೆ ಪದರ ಎಷ್ಟು ಓರೆ ಇದೆ ಅಂತ ಅಳೀಲಾ ಅಂತ ಕೇಳ್ತಿದ್ಲು, ನಾನು ಅವಳ ಕೈಗೆ ಬ್ರಂಟನ್ ಕೊಟ್ಟೆ. ಮಡಿಕೆಯ ಎರಡೂ ಕಡೆ ರೀಡಿಂಗ್ ತಗೊಂಡ್ವಿ.

ಮಾರನೇ ದಿನ ಶೆಡ್ಡಿಗೆ ಹೋಗಿ ಆ ಹೋಲಿನ ಬಾಕ್ಸ್‌ಗಳನ್ನೆಲ್ಲ ಕೆಳಗಿಳಿಸಿದ್ವಿ, ಉಳಿದ ಅರ್ಧ ಕೋರನ್ನ ಒದ್ದೆ ಮಾಡಿ ಕೂತ್ವಿ. ಮೂರು ವೇನಲ್ಲೂ ಎಲೆಪದರ (ಒತ್ತಡಕ್ಕೆ ಕಲ್ಲಲ್ಲಿ ಮೂಡೋ ತೆಳು ಪದರ) ವೇನಿಗೆ ಬೇರೆ ಬೇರೆ ಕೋನದಲ್ಲಿ ಕೂತಿತ್ತು, ವೇನ್ ಮಡಚಿದೆ ಅನ್ನೋದಕ್ಕೆ ಅದೇ ಸುಳಿವು. ಲಾಗ್ ಮಾಡಿದಾಗ ಅದನ್ನ ನಾನು ಬರೆದೂ ಇದ್ದೆ, ಅರ್ಥ ಗೊತ್ತಾಗಿರ್ಲಿಲ್ಲ ಅಷ್ಟೇ. ಹಳೇ ಲಾಗ್ ಶೀಟ್ ಹರಿಯದೇ ಪಕ್ಕದಲ್ಲೇ ತಾರೀಕು ಹಾಕಿ ತಿದ್ದಿದೆ, ಕೆಳಗೆ ಮೂರೂ ಜನ ಸೈನ್ ಮಾಡಿದ್ವಿ.