ಪ್ರಕೃತಿ ಚಿಕಿತ್ಸಾಲಯದಲ್ಲಿ ಕ್ಯಾನ್ಸರ್ ರೋಗಿಗಳ ಊಟ: ನನ್ನ ಅನುಭವ

ಮಲೆನಾಡಿನ ಅಂಚಿನಲ್ಲಿ, ತೋಟದ ನಡುವೆ ಕುಟೀರಗಳಿರುವ ಪ್ರಕೃತಿ ಚಿಕಿತ್ಸಾಲಯವೊಂದರಲ್ಲಿ ನಾನು ವೈದ್ಯೆಯಾಗಿದ್ದೇನೆ. ಬೊಜ್ಜು, ಸಕ್ಕರೆ ಕಾಯಿಲೆ, ಬೆನ್ನುನೋವು ಇರುವವರಿಗೆಂದು ರೂಪಿಸಿದ ನಮ್ಮ ದಿನಚರಿಯನ್ನು ಅರಸಿ ಕ್ಯಾನ್ಸರ್ ರೋಗಿಗಳೂ ಬರತೊಡಗಿದಾಗ, ಅವರಿಗೆ ಉಪವಾಸವನ್ನಾಗಲಿ ಬರೀ ಹಣ್ಣಿನ ರಸವನ್ನಾಗಲಿ ಕೊಡಕೂಡದೆಂಬ ನಿಯಮವನ್ನು ಮೊದಲು ಮಾಡಿಕೊಂಡೆ. ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಿ ಬಂದವರನ್ನು ಸೇರಿಸಿಕೊಳ್ಳುವುದಿಲ್ಲ. ಅವರ ಜೊತೆ ಕುಳಿತು ಮಾತನಾಡಿ, ಕ್ಯಾನ್ಸರ್ ತಜ್ಞರ ಬಳಿಗೆ ಮರಳಿ ಕಳಿಸುತ್ತೇನೆ.

ಅನೇಕರು ಕೇಳುವುದು ಗೆರ್ಸನ್ ಪದ್ಧತಿಯನ್ನು. ಜರ್ಮನ್ ಮೂಲದ ವೈದ್ಯ ಮ್ಯಾಕ್ಸ್ ಗೆರ್ಸನ್ (1881–1959) ರೂಪಿಸಿದ ಈ ಕ್ರಮದಲ್ಲಿ ದಿನಕ್ಕೆ ಸುಮಾರು 13 ಲೋಟ ರಸ, ಉಪ್ಪಿಲ್ಲದ ಸಸ್ಯಾಹಾರ ಮತ್ತು ಕಾಫಿ ಎನಿಮಾ (ಗುದದ್ವಾರದ ಮೂಲಕ ಕರುಳಿಗೆ ಕಾಫಿ ಹಾಯಿಸುವುದು) ಇರುತ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1947ರಲ್ಲಿ ಅವರ 10 ರೋಗಿಗಳ ದಾಖಲೆಗಳನ್ನೂ 1959ರಲ್ಲಿ 50 ರೋಗಿಗಳ ದಾಖಲೆಗಳನ್ನೂ ಪರಿಶೀಲಿಸಿ, ಪ್ರಯೋಜನಕ್ಕೆ ಪುರಾವೆ ಕಾಣಲಿಲ್ಲವೆಂದಿತು. ಕಿಣ್ವದ ಮಾತ್ರೆ, ವಿಶೇಷ ಆಹಾರ ಮತ್ತು ಕಾಫಿ ಎನಿಮಾಗಳ ಇನ್ನೊಂದು ಕ್ರಮವನ್ನು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಕೀಮೊಥೆರಪಿಯೊಂದಿಗೆ ಹೋಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೀಮೊ ಪಡೆದವರ ಮಧ್ಯಮ ಬದುಕುಳಿಕೆ (ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ) 14 ತಿಂಗಳು, ಆ ಕ್ರಮ ಆರಿಸಿಕೊಂಡವರದು 4.3 ತಿಂಗಳು. ಈ ಅಂಕಿಗಳನ್ನು ನಾನು ರೋಗಿಯ ಮನೆಯವರ ಮುಂದೆ ಮುಚ್ಚಿಡುವುದಿಲ್ಲ. ಎನಿಮಾದಿಂದ ರಕ್ತದ ಲವಣಾಂಶ ಏರುಪೇರಾಗಿ ಜೀವಕ್ಕೇ ಅಪಾಯವಾದ ಪ್ರಕರಣಗಳಿರುವುದರಿಂದ, ನಮ್ಮಲ್ಲಿ ಅದು ಕ್ಯಾನ್ಸರ್ ರೋಗಿಗಳಿಗೆ ಇಲ್ಲವೇ ಇಲ್ಲ.

ನಿಜವಾದ ಕೆಲಸ ನಡೆಯುವುದು ಅಡುಗೆಮನೆಯಲ್ಲಿ. ಕ್ಯಾನ್ಸರ್ ರೋಗಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 25ರಿಂದ 30 ಕ್ಯಾಲೊರಿ ಮತ್ತು 1 ಗ್ರಾಮಿಗೂ ಹೆಚ್ಚು, ಸಾಧ್ಯವಾದರೆ 1.5 ಗ್ರಾಮಿನವರೆಗೆ ಪ್ರೋಟೀನ್ ಬೇಕೆನ್ನುತ್ತದೆ ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿ. 50 ಕಿಲೋ ತೂಕದವರಿಗೆ ಕನಿಷ್ಠ 1250 ಕ್ಯಾಲೊರಿಯಾಯಿತು. ಕ್ಯಾರೆಟ್ಟು, ಬೂದುಗುಂಬಳದ ರಸದಲ್ಲಿ ಅಷ್ಟನ್ನು ತುಂಬಿಸುವುದು ಆಗದ ಮಾತು, ಪ್ರೋಟೀನಂತೂ ದೂರವೇ ಉಳಿಯಿತು. ಆದ್ದರಿಂದ ಬೆಳಿಗ್ಗೆ ಹಾಲಿನಲ್ಲಿ ಬೇಯಿಸಿದ ರಾಗಿ ಗಂಜಿಗೆ ಹುರಿದ ಕಡಲೆಕಾಯಿ ಪುಡಿ ಬೆರೆಸುತ್ತೇವೆ. ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ಗಟ್ಟಿ ತೊವ್ವೆ ಮತ್ತು ತುಪ್ಪ, ಸಂಜೆ ಪನೀರ್. ವಿಕಿರಣ ಚಿಕಿತ್ಸೆಯಿಂದ ಬಾಯಿ ಹುಣ್ಣಾದ ಹಿರಿಯರೊಬ್ಬರಿಗೆ ಖಾರ, ಹುಳಿ ಬಿಟ್ಟು, ಹೆಸರುಬೇಳೆ ಪಾಯಸವನ್ನು ನುಣ್ಣಗೆ ರುಬ್ಬಿ, ಆರಿಸಿ, ಸಣ್ಣ ಚಮಚದಲ್ಲಿ ಎರಡೆರಡು ಗಂಟೆಗೊಮ್ಮೆ ಕೊಟ್ಟೆವು; "ಇದು ಇಳಿಯುತ್ತೆ ಡಾಕ್ಟ್ರಮ್ಮ, ನಾಳೆಗೂ ಇದೇ ಮಾಡಿಸಿ" ಎಂದರು. ಕೀಮೊ ನಡೆಯುತ್ತಿರುವವರಿಗೆ ಹಸಿ ಮೊಳಕೆಕಾಳು ಕೊಡದೆ ಬೇಯಿಸಿಯೇ ಬಡಿಸುತ್ತೇವೆ.

ಲಕ್ಷ್ಮಣಫಲದ ಎಲೆಯ ಕಷಾಯ ತಂದವರಿಗೆ ಅದನ್ನು ಬದಿಗಿಡಲು ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಜೀವಕೋಶದ ಮೇಲೆ ಪರಿಣಾಮ ಕಂಡಿದ್ದರೂ ಅದು ಮನುಷ್ಯರಲ್ಲಿ ಗುಣಪಡಿಸುತ್ತದೆಂದು ಸಾಬೀತಾಗಿಲ್ಲ. ಅದರಲ್ಲಿರುವ ಅನೋನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ಹಾನಿಕರ.

ಉಳಿದಂತೆ ಬೆಳಗಿನ ನಿಧಾನ ನಡಿಗೆ, ಪ್ರಾಣಾಯಾಮ, ಮೃದುವಾದ ಯೋಗಾಸನ, ಒಳ್ಳೆಯ ನಿದ್ರೆ ಇವಿಷ್ಟನ್ನು ನಾವು ಚೆನ್ನಾಗಿ ಕೊಡಬಲ್ಲೆವು. ಚಿಕಿತ್ಸೆಯ ದಣಿವು ಇದರಿಂದ ತಗ್ಗುವುದನ್ನು ನೋಡಿದ್ದೇನೆ. ಕೀಮೊ ಪಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ತಲುಪಿದರೆ ಕಷಾಯ, ತಣ್ಣೀರುಪಟ್ಟಿ ಎಂದು ಕಾಯುವುದಿಲ್ಲ, ವಾಹನ ತರಿಸಿ ಅಂದೇ ಆಸ್ಪತ್ರೆಗೆ ಕಳಿಸುತ್ತೇನೆ. ಮನೆಗೆ ಹೊರಡುವವರ ಕೈಯಲ್ಲಿ ತೂಕದ ಏರಿಳಿತ, ತಿಂದ ಆಹಾರ, ಕೊಟ್ಟ ಆರೈಕೆಯ ವಿವರ ಬರೆದ ಪತ್ರವೊಂದು ಇರುತ್ತದೆ. ಅದನ್ನು ಅವರ ಕ್ಯಾನ್ಸರ್ ತಜ್ಞರ ಹೆಸರಿಗೇ ಬರೆಯುತ್ತೇನೆ.